ಚಿಮಣಿ ಮಾತ್ರ ತಣ್ಣಗಿತ್ತು

9 ನವೆಂಬರ್ 2024, ಶನಿವಾರ

ತುಂಬ ದಿನದ ಮೇಲೆ ಇವತ್ತು ನನ್ನ ಮಾದರಿ ರೈಲಿನ ಸ್ಟೀಮ್ ಎಂಜಿನ್ ಹೊರಗೆ ತೆಗೆದೆ. ಎಚ್‌ಒ ಅಳತೆಯದು, ಅಂದರೆ ನಿಜವಾದ ಎಂಜಿನ್‌ನ 87ರಲ್ಲಿ ಒಂದು ಪಾಲು. ಹಳಿ ಮೇಲಿಟ್ಟು ಒಂದೊಂದೇ ಬಟನ್ ಒತ್ತಿದೆ. ದೀಪ ಹತ್ತಿತು, ಸೀಟಿ ಕೂಗಿತು, ಚಕ್ರ ತಿರುಗಿತು. ಹೊಗೆ ಮಾತ್ರ ಬರಲಿಲ್ಲ. ಚಿಮಣಿ ಹತ್ತಿರ ಬೆರಳು ಹಿಡಿದರೆ ತಣ್ಣಗೆ!

ಮೊದಲು ಎಣ್ಣೆಯ ಮೇಲೆ ಅನುಮಾನ ಬಂತು. ಈ ಸ್ಮೋಕ್ ಯೂನಿಟ್ ಅನ್ನುವುದು ಒಂದು ಸಣ್ಣ ಲೋಹದ ಕೊಳವೆ. ಅದರೊಳಗೆ ಸೂಜಿಯಷ್ಟು ತೆಳ್ಳಗಿನ ಇನ್ನೊಂದು ನಳಿಗೆ, ಅದಕ್ಕೆ ಕೂದಲೆಳೆಯಂಥ ಹೀಟರ್ ತಂತಿ. ಎಣ್ಣೆ ಕೆಳಗಿನಿಂದ ನಳಿಗೆಯೊಳಗೆ ಏರಿ, ಕುದಿದು, ಪುಸ್ ಪುಸ್ ಅಂತ ಮೇಲೆ ಬರುತ್ತದೆ. ಬಾಯಿವರೆಗೆ ತುಂಬಿಬಿಟ್ಟರೆ ಹೊಗೆ ಬರುವುದಿಲ್ಲ, ಎಣ್ಣೆ ಉಗುಳುತ್ತದೆ ಅಷ್ಟೆ. ಟಿಶ್ಯೂ ಪೇಪರ್ ಸುರುಳಿ ಇಳಿಸಿ ಎಣ್ಣೆ ಹೀರಿಸಿದೆ. ಮತ್ತೆ ನಾಲ್ಕು ಹನಿ ಹಾಕಿದೆ. ಏನೂ ಇಲ್ಲ. ಗುಂಡುಸೂಜಿ ಹಾಕಿ ಕೆದಕೋಣ ಅಂತ ಕೈ ತುರಿಸಿತು. ಹಿಂದೊಮ್ಮೆ ಹಾಗೆ ಮಾಡಿ ಒಂದು ಒಳ್ಳೆಯ ಯೂನಿಟ್‌ನ ತಂತಿ ಕಿತ್ತಿದ್ದೆ. ಸುಮ್ಮನಾದೆ.

ಬಾಯ್ಲರ್ ಬಿಚ್ಚಿ, ಯೂನಿಟ್‌ನ ಎರಡೂ ವೈರ್‌ಗೆ ಮಲ್ಟಿಮೀಟರ್ ಹಿಡಿದೆ. ಓಪನ್ ಅಂತ ತೋರಿಸಿತು. ತಂತಿ ಸುಟ್ಟುಹೋಗಿದೆ.

ವಯಸ್ಸಾಯಿತು ಪಾಪ ಅಂದುಕೊಂಡೆ. ಆಮೇಲೆ ಡ್ರಾಯರ್‌ನಲ್ಲಿ ಆ ಯೂನಿಟ್‌ನ ಹಳೆ ಡಬ್ಬಿ ಸಿಕ್ಕಿತು. ಎರಡು ವರ್ಷದ ಹಿಂದೆ ಹಾಕಿದವನು ನಾನೇ. ಡಬ್ಬಿ ಮೇಲೆ 8ರಿಂದ 14 ವೋಲ್ಟ್ ಅಂತ ದಪ್ಪಕ್ಷರದಲ್ಲಿ ಬರೆದಿದೆ. ಎಂಜಿನ್ ಒಳಗೆ ಡಿಕೋಡರ್ ಅಂತ ಒಂದು ಸಣ್ಣ ಸರ್ಕ್ಯೂಟ್ ಇದೆ, ಬಟನ್ ಒತ್ತಿದ ಆದೇಶ ಹಳಿಯಿಂದ ಓದಿ ದೀಪ, ಹೊಗೆ ಎಲ್ಲ ನಡೆಸುವುದು ಅದೇ. ಅದರಿಂದ ಸ್ಮೋಕ್ ಯೂನಿಟ್‌ಗೆ ಹೋಗುವ ನೀಲಿ ಮತ್ತು ಹಸಿರು ವೈರ್ ನಡುವೆ ಅಳೆದೆ: 17.6 ವೋಲ್ಟ್ ಡಿಸಿ. ಬಿಸಿ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಅಂದರೆ ಅದು ತಡೆಯಬಹುದಾದ ಗರಿಷ್ಠಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಬಿಸಿ! ಇಷ್ಟು ದಿನ ಬಾಳಿದ್ದೇ ಅದರ ದೊಡ್ಡತನ.

(ಹಳಿಗೇ ಮೀಟರ್ ಹಿಡಿದು ಅಳೆಯಬಹುದಿತ್ತಲ್ಲ ಅಂದರೆ, ಇಂಥ ಡಿಜಿಟಲ್ ಹಳಿಯಲ್ಲಿ ಹರಿಯುವುದು ಚೌಕದಲೆ, ಅಂದರೆ ಕ್ಷಣಕ್ಷಣಕ್ಕೂ ಥಟ್ಟನೆ ದಿಕ್ಕು ಬದಲಿಸುವ ಕರೆಂಟ್. ಮಾಮೂಲಿ ಮೀಟರ್ ಅದನ್ನು ಸರಿಯಾಗಿ ಓದುವುದಿಲ್ಲ. ಡಿಕೋಡರ್ ದಾಟಿದ ಮೇಲೆ, ಹೊಗೆಯ ಬಟನ್ ಆನ್ ಮಾಡಿ ಅಳೆಯುವುದೇ ವಾಸಿ.)

10 ನವೆಂಬರ್, ಭಾನುವಾರ

ಇಡೀ ಬೆಳಗ್ಗೆ ಬಿಡಿಭಾಗದ ಹುಡುಕಾಟ. ಎಂಜಿನ್ ಜೊತೆ ಬಂದ ಕಾಗದದಲ್ಲಿ ಬಿಡಿಸಿಟ್ಟ ಚಿತ್ರ ಇದೆ, ಪ್ರತಿ ತುಂಡಿಗೂ ನಂಬರ್ ಇದೆ. ಸ್ಮೋಕ್ ಯೂನಿಟ್ ನಂಬರ್ ಹಾಕಿದರೆ ‘ಲಭ್ಯವಿಲ್ಲ’. ಮೊದಲ ಸಲ ಇದನ್ನು ನೋಡಿದವರು ಎಂಜಿನ್ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿದಿರುವುದು ಆ ನಂಬರ್ ಮಾತ್ರ. ಎಷ್ಟೋ ಎಂಜಿನ್‌ಗಳ ಹೊಗೆ ಕೊಳವೆ ಬರುವುದು ಜರ್ಮನಿಯ ಸೋಯ್ಟೆ ಕಂಪನಿಯಿಂದ. ಎಂಜಿನ್ ಮಾಡಿದವರ ಪಟ್ಟಿಯಲ್ಲಿ ಒಂದು ಹೆಸರು, ಸೋಯ್ಟೆ ಪಟ್ಟಿಯಲ್ಲಿ ಇನ್ನೊಂದು ನಂಬರ್.

ಹಾಗಾಗಿ ಎಂಜಿನ್ ಹೆಸರು ಬಿಟ್ಟು ಕೊಳವೆಯ ಜಾತಕ ಹಿಡಿದು ಹುಡುಕಿದೆ. ದಪ್ಪ, ಉದ್ದ ಕ್ಯಾಲಿಪರ್‌ನಲ್ಲಿ ಅಳೆದೆ. ವೋಲ್ಟೇಜ್ ಈ ಸಲ ಎರಡೆರಡು ಬಾರಿ ನೋಡಿದೆ. ಇನ್ನೊಂದು ವಿಷಯ ವೈರ್. ಕೆಲವು ಯೂನಿಟ್‌ಗೆ ಒಂದೇ ವೈರ್ ಇರುತ್ತದೆ, ಇನ್ನೊಂದು ಕಡೆಯ ಸಂಪರ್ಕ ಕೊಳವೆಯ ಲೋಹದ ಮೈಯಿಂದ, ಎಂಜಿನ್ ಚೌಕಟ್ಟಿನ ಮೂಲಕ ಹಳಿಗೆ. ಡಿಕೋಡರ್ ಇಲ್ಲದ ಹಳೆಯ ಅನಲಾಗ್ ಎಂಜಿನ್‌ಗೆ ಅದು ಸರಿ. ಡಿಕೋಡರ್ ಔಟ್‌ಪುಟ್‌ಗೆ ಹಾಗೆ ಜೋಡಿಸಿದರೆ ಅಲೆಯ ಅರ್ಧ ಭಾಗದಲ್ಲಷ್ಟೇ ಕರೆಂಟ್ ಹರಿಯುತ್ತದೆ, ಬಿಸಿಯೂ ಅರ್ಧ. ಹೊಗೆ ಬಂದರೂ ಬೀಡಿ ಸೇದಿದ ಹಾಗೆ. ನನಗೆ ಬೇಕಿದ್ದದ್ದು ಮೈಗೆ ಸಂಪರ್ಕ ಇಲ್ಲದ, ಎರಡು ವೈರ್‌ನದು.

ಬಳಸಿದ ಯೂನಿಟ್ ಒಂದು ಮಾರಾಟಕ್ಕಿತ್ತು, ಫೋಟೋದಲ್ಲಿ ಥಳಥಳ ಹೊಳೆಯುತ್ತಿತ್ತು. ‘ಎಷ್ಟು ಓಮ್ ತೋರಿಸುತ್ತದೆ, ಸ್ವಲ್ಪ ಅಳೆದು ಹೇಳಿ’ ಅಂದೆ. ಆ ಕಡೆಯಿಂದ ಮಾತೇ ನಿಂತುಹೋಯಿತು. ಹೊಸದನ್ನೇ ತರಿಸಿದೆ, 22 ವೋಲ್ಟ್‌ವರೆಗೆ ತಾಳುವಂಥದ್ದು.

ಪಾರ್ಸೆಲ್‌ಗೆ ಕಾಯುವಾಗ ನೆನಪಾಯಿತು: 1946ರಲ್ಲಿ ಅಮೆರಿಕದ ಆಟಿಕೆ ರೈಲು ಕಂಪನಿ ಲಯನೆಲ್‌ನ ಎಂಜಿನ್‌ಗಳಲ್ಲಿ ಬಲ್ಬಿನ ತಲೆಯ ಮೇಲೊಂದು ಗುಳಿ ಇರುತ್ತಿತ್ತು. ಅದರಲ್ಲಿ ಮಾತ್ರೆ ಇಟ್ಟರೆ ಬಲ್ಬಿನ ಬಿಸಿಗೇ ಹೊಗೆ. ಮರುವರ್ಷವೇ ಅವರೂ ಹೀಟರ್ ಕಾಯಿಲ್‌ಗೆ ಬಂದರು.

23 ನವೆಂಬರ್, ಶನಿವಾರ

ಯೂನಿಟ್ ಬಂತು. ಕಟ್ಟು ಬಿಚ್ಚಿದ ಕೂಡಲೇ ಮೀಟರ್ ಹಿಡಿದೆ: 150 ಓಮ್. 17.6 ವೋಲ್ಟ್‌ಗೆ ಸುಮಾರು 117 ಮಿಲಿಆಂಪ್, ಎರಡು ವ್ಯಾಟ್ ಬಿಸಿ. ನನ್ನ ಡಿಕೋಡರ್ ಕೈಪಿಡಿಯಲ್ಲಿ ಒಂದು ಔಟ್‌ಪುಟ್‌ಗೆ 250 ಮಿಲಿಆಂಪ್ ಅಂತ ಇದೆ. ಚಿಂತೆ ಇಲ್ಲ.

ಹಾಕುವುದು ಸುಲಭ, ಹಳೆಯದನ್ನು ಕೀಳುವುದೇ ಪಾಡು. ಸುಟ್ಟ ಎಣ್ಣೆ ಬೆಲ್ಲದ ಪಾಕದ ಹಾಗೆ ಅಂಟಿಕೊಂಡು ಕೊಳವೆ ಬಾಯ್ಲರ್‌ಗೆ ಕಚ್ಚಿಕೊಂಡಿತ್ತು. ಎಳೆದರೆ ಚಿಮಣಿಯ ಅಂಚು ಮುರಿಯುತ್ತದೆ. ಒಳಗಡೆಯಿಂದ ಮರದ ಕಡ್ಡಿಯಲ್ಲಿ ಒತ್ತುತ್ತಾ, ಎಡಕ್ಕೆ ಒಂಚೂರು, ಬಲಕ್ಕೆ ಒಂಚೂರು ತಿರುಗಿಸುತ್ತಾ ಕೂತೆ. ಅರ್ಧ ಗಂಟೆಯಾದ ಮೇಲೆ ‘ಟಕ್’ ಅಂತ ಸಣ್ಣ ಸದ್ದು. ಮೈಯೆಲ್ಲ ಕಪ್ಪು ಹಿಡಿದ ಕೊಳವೆ ಅಂಗೈಗೆ ಬಿತ್ತು. ಅದೇ ಹೊತ್ತಿಗೆ ನನ್ನ ಹೆಬ್ಬೆರಳು ತಾಗಿ ಬಾಯ್ಲರ್ ಪಕ್ಕದ ಕಂಬಿಯ ಒಂದು ಗೂಟ ಎಲ್ಲೋ ಹಾರಿತು. ಅಕ್ಕಿಕಾಳಿಗಿಂತ ಸಣ್ಣದು.

ನೀಲಿಗೊಂದು ವೈರ್, ಹಸಿರಿಗೊಂದು. ಬೆಸುಗೆ ಹಾಕಿ, ಮೇಲೆ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಏರಿಸಿದೆ. ಬಾಯ್ಲರ್ ಮುಚ್ಚುವಾಗ ವೈರ್ ಅಡಿಗೆ ಸಿಕ್ಕಿಕೊಂಡಿತು, ಮತ್ತೆ ಬಿಚ್ಚಿ ಸರಿ ಮಾಡಿದೆ. ಸಿರಿಂಜ್‌ನಲ್ಲಿ ಐದು ಹನಿ ಸ್ಮೋಕ್ ಆಯಿಲ್. ಬಟನ್ ಒತ್ತಿದೆ.

ಹತ್ತು ಸೆಕೆಂಡ್, ಇಪ್ಪತ್ತು ಸೆಕೆಂಡ್. ಏನೂ ಇಲ್ಲ. ಎದೆ ಧಸಕ್ ಅಂತು ಅಲ್ವಾ! ಆಮೇಲೆ ಚಿಮಣಿ ಬಾಯಲ್ಲಿ ಒಂದು ಗುಳ್ಳೆ ಒಡೆಯಿತು, ಬಿಳಿ ಎಳೆಯೊಂದು ಎದ್ದಿತು. ಆಮೇಲೆ ನಿಲ್ಲಲೇ ಇಲ್ಲ. ಮೂರು ಸುತ್ತು ಓಡಿಸಿ, ಎಣ್ಣೆ ಮುಗಿಯುವ ಮೊದಲೇ ಆಫ್ ಮಾಡಿದೆ. ಹಳಿ ಮೇಲೂ ಚಕ್ರದ ರಬ್ಬರ್ ಮೇಲೂ ಜಿಡ್ಡು ಕೂತಿತ್ತು, ಒರೆಸಿಟ್ಟೆ.

ಗೂಟ ಇನ್ನೂ ಸಿಕ್ಕಿಲ್ಲ. ನಾಳೆ ಟಾರ್ಚ್ ಹಿಡಿದು ಮೇಜಿನ ಕೆಳಗೆ ತೆವಳಬೇಕು.