ನೆಲ ಕೆಂಪಿತ್ತು, ಗೋಡೆ ಗುಲಾಬಿಯಾಯಿತು

ಮೈಸೂರಿನಲ್ಲಿ ಮನೆಗಳಿಗೆ ಪೇಂಟಿಂಗ್ ಗುತ್ತಿಗೆ ಹಿಡಿಯುವ ಕೆಲಸ ನನ್ನದು. ಕೆನೆ, ಬಿಸ್ಕತ್ತು, ಮರಳಿನ ಬಣ್ಣ ಕೇಳುವ ಗಿರಾಕಿ ಬಂದರೆ ಮೊದಲೆಲ್ಲ ಖುಷಿ. ಯಾವ ಸೋಫಾಕ್ಕೂ ಹೊಂದುತ್ತೆ, ತಕರಾರಿಲ್ಲ ಅಂತ. ಆ ಭ್ರಮೆ ಬಿಡಿಸಿದ್ದು ಸರಸ್ವತಿಪುರಂನ ಒಂದು ಹಳೇ ಮನೆ.

ನಿವೃತ್ತ ಟೀಚರಮ್ಮನ ಮನೆ ಅದು. ರೆಡ್ ಆಕ್ಸೈಡ್ ನೆಲ, ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯಾಗಿತ್ತು. ಶೇಡ್ ಕಾರ್ಡಿನಲ್ಲಿ ಎರಡು ಬೆರಳಗಲದ ಚೌಕ ತೋರಿಸಿ "ಇದೇ ಇರಲಿ ಕಣಪ್ಪ, ಬೆಚ್ಚಗಿದೆ" ಅಂದರು. ನಾನು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೇ ನೋಡಿ ತಲೆಯಾಡಿಸಿ, 20 ಲೀಟರ್ ಮಿಕ್ಸ್ ಮಾಡಿಸಿ ತಂದೆ. ಪುಟ್ಟಿ, ಪ್ರೈಮರ್, ಎರಡು ಕೋಟ್. ಕೈಕೆಲಸದಲ್ಲಿ ಒಂದು ಕೊರೆ ಇರಲಿಲ್ಲ.

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಫೋನ್. ಹೋಗಿ ನೋಡಿದರೆ ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದು, ಸೊಂಟದೆತ್ತರದವರೆಗೂ ಗೋಡೆ ಗುಲಾಬಿ! ಮೇಲೆ ಹೋದಂತೆ ಕೆನೆ. ಸಂಜೆ ಲೈಟ್ ಹಾಕಿದರೆ ಇನ್ನೊಂದು ಅವತಾರ, ಬೂದಿ ಬಳಿದ ಹಾಗೆ. "ನಾನು ಹೇಳಿದ ಬಣ್ಣ ಯಾವುದಪ್ಪ ಇದರಲ್ಲಿ?" ಅಂತ ಕೇಳಿದರು. ಬೈದಿದ್ದರೆ ಸುಲಭವಾಗಿರೋದು.

ಅಂಗಡಿಯವರ ಮೇಲೆ ಹಾಕೋಣ ಅಂತ ಒಂದು ಕ್ಷಣ ಅನಿಸಿದ್ದು ನಿಜ. ಆದರೆ ಡಬ್ಬಿಯ ಮೇಲೆ ಅದೇ ಶೇಡ್ ನಂಬರ್ ಇತ್ತು. ಆಗ ನನ್ನ ಹುಡುಗ ದೇವರಕೋಣೆಯ ಹಳದಿ ಬಲ್ಬ್ ಬಿಚ್ಚಿ ತಂದು ಹಾಲ್‌ಗೆ ಹಾಕಿದ. "ನೋಡಣ್ಣ" ಅಂದ. ಬೂದಿ ಹೋಯಿತು! ಹಾಲ್‌ನಲ್ಲಿದ್ದದ್ದು 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ ಅದು) ಬಿಳಿ ಎಲ್‌ಇಡಿ, ಅದರಲ್ಲಿ ನೀಲಿ ಜಾಸ್ತಿ, ಬೆಚ್ಚನೆ ಬಣ್ಣವನ್ನೆಲ್ಲ ನುಂಗಿಬಿಡುತ್ತೆ. 3000 ಕೆಲ್ವಿನ್‌ನ ಹಳದಿ ಬೆಳಕಿನವು ನಾಲ್ಕು ತಂದೆ, ರಾತ್ರಿಯ ತಲೆನೋವು ಮುಗಿಯಿತು.

ಹಗಲಿನದು ಬಲ್ಬಿಗೆ ಬಗ್ಗುವಂಥದ್ದಲ್ಲ. ನೆಲ ಅಗೆಯೋಕಾಗುತ್ತಾ? ಆ ಶೇಡಿನಲ್ಲೇ ಒಂಚೂರು ಕೆಂಪು ಇತ್ತು, ನೆಲದ ಕೆಂಪೂ ಸೇರಿ ಎದ್ದು ಕಂಡಿತು. ಕೆಂಪು ಬಿಟ್ಟು ಹಸಿರು ಮಿಶ್ರಿತ ಹಳದಿಯ ಕಡೆ ವಾಲುವ ಮರಳಿನ ಬಣ್ಣ ತಂದು ಮತ್ತೆ ಹೊಡೆದೆ. ಬೆರೆಸಿದ ಬಣ್ಣವನ್ನು ಅಂಗಡಿಯವರು ವಾಪಸ್ ತಗೊಳ್ಳಲ್ಲ. ಹಾಗಾಗಿ ಬಣ್ಣದ ದುಡ್ಡು, ಮೂರು ದಿನದ ಕೂಲಿ ಎಲ್ಲ ನನ್ನ ಜೇಬಿನದು.

ಈಗ ಒಂದು ಲೀಟರ್ ಮಾತ್ರ ತಂದು, ಎರಡಡಿ ಚೌಕದ ಹಲಗೆಗೆ ಎರಡು ಕೋಟ್ ಹೊಡೆದು ಒಣಗಿಸ್ತೀನಿ. ಹಸಿಯಲ್ಲಿ ನೋಡಿ ತೀರ್ಮಾನ ಮಾಡಬಾರದು, ಒಣಗಿದಾಗ ಬೇರೆಯೇ ಕಾಣುತ್ತೆ. ಹಲಗೆಯನ್ನು ಒಮ್ಮೆ ನೆಲಕ್ಕೆ ತಾಗಿಸಿ, ಒಮ್ಮೆ ಕಿಟಕಿ ಎದುರಿನ ಗೋಡೆಗೆ ಒರಗಿಸಿ, ಬೆಳಗ್ಗೆ, ಸಂಜೆ ನಾಲ್ಕು ಗಂಟೆಗೆ, ರಾತ್ರಿ ಮನೆಯವರಿಗೇ ತೋರಿಸೋದು. ಗೋಡೆಗೇ ಪ್ಯಾಚ್ ಹೊಡೆದರೆ ಪಕ್ಕದ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತೆ, ಅದಕ್ಕೇ ಹಲಗೆ.

ಫೋನಿನಲ್ಲಿ ಯಾರಾದರೂ "ಕ್ರೀಮ್ ಕಲರ್‌ಗೆ ಎಷ್ಟಾಗುತ್ತೆ?" ಅಂತ ಕೇಳಿದರೆ, "ನಿಮ್ಮನೆ ನೆಲ ಯಾವ ಬಣ್ಣ?" ಅಂತೀನಿ. ಕೆಲವರು ರಾಂಗ್ ನಂಬರ್ ಅಂದ್ಕೊಂಡು ಇಟ್ಟುಬಿಡ್ತಾರೆ.