ಹಂಬಕರ್ ಬಿಚ್ಚಿ ಕೂತ ಒಂದು ದಿನ

ಮೇಜಿನ ಮೇಲಿದ್ದದ್ದು ಎರಡೇ ವೈರ್ ಹೊರಬಂದಿರುವ ಹಳೇ ಬಗೆಯ ಹಂಬಕರ್, ಅಂದರೆ ಗುಂಯ್ ಎನ್ನುವ ವಿದ್ಯುತ್ ಗದ್ದಲ ಕಳೆಯಲು ಎರಡು ಸುರುಳಿಗಳಿರುವ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ (ತಂತಿಗಳ ಕಂಪನವನ್ನು ವಿದ್ಯುತ್ತಾಗಿಸುವ ಭಾಗ). ಅದರೊಳಗಿನ ಸೆರಾಮಿಕ್ ಮ್ಯಾಗ್ನೆಟ್ ತೆಗೆದು ಅಲ್ನಿಕೊ 5 (ಅಲ್ಯೂಮಿನಿಯಂ-ನಿಕಲ್-ಕೋಬಾಲ್ಟ್ ಮಿಶ್ರಲೋಹದ ಮ್ಯಾಗ್ನೆಟ್) ಹಾಕಬೇಕು, ಎರಡೂ ಸುರುಳಿಗಳ ನಾಲ್ಕು ತುದಿಗಳನ್ನು ಹೊರಗೆ ತರಬೇಕು, ಆಮೇಲೆ ಮೇಣದಲ್ಲಿ ಅದ್ದಬೇಕು. ಹಗಲು ಪೂರ್ತಿ ಹಿಡಿಯುವ ಕೆಲಸ.

ಮೊದಲು ಮಲ್ಟಿಮೀಟರ್. ಪಿಕಪ್ಪನ್ನು ದನಿ ಏರಿಳಿಸುವ ವಾಲ್ಯೂಮ್ ಪಾಟ್‌ನಿಂದ ಬಿಡಿಸಿಯೇ ಅಳೆಯಬೇಕು, ಇಲ್ಲದಿದ್ದರೆ ಪಾಟ್‌ನ ರೋಧವೂ ಸೇರಿ ಓದು ಕಡಿಮೆ ಬರುತ್ತದೆ. ಬಂದದ್ದು 8.2 ಕಿಲೋಓಮ್. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.4% ಏರುವುದರಿಂದ, ಬೆಸುಗೆಯ ಬಿಸಿ ಆರುವ ಮುಂಚೆ ಅಳೆದರೆ ಲೆಕ್ಕ ತಪ್ಪುತ್ತದೆ.

ಬೇಸ್‌ಪ್ಲೇಟಿನ (ತಳದ ಲೋಹದ ತಗಡಿನ) ನಾಲ್ಕು ಸ್ಕ್ರೂ ಸಡಿಲಿಸುವಾಗ ಉಕ್ಕಿನ ಸ್ಕ್ರೂಡ್ರೈವರ್ ಮ್ಯಾಗ್ನೆಟ್ಟಿನ ಸೆಳೆತಕ್ಕೆ ಜಾರಿ ಸುರುಳಿಗೆ ಚುಚ್ಚುವುದುಂಟು. ಮನೆಯಲ್ಲಿ ಎಷ್ಟೋ ಪಿಕಪ್‌ಗಳು ಹೀಗೇ ಸಾಯುತ್ತವೆ. ಸುರುಳಿಯ ವೈರ್ ಸುಮಾರು 0.063 ಮಿ.ಮೀ., ತಲೆಗೂದಲಿನಷ್ಟು ತೆಳು. ಒಂದೇ ಸುತ್ತು ಹರಿದರೂ ಸುರುಳಿಯ ಸರ್ಕ್ಯೂಟ್ ಮುರಿಯುತ್ತದೆ. ಆದ್ದರಿಂದ ಸುರುಳಿಯ ಪಕ್ಕಗಳಿಗೆ ಮೊದಲೇ ಎರಡು ಪದರ ಟೇಪ್ ಸುತ್ತಿಡಬೇಕು.

ಸ್ಕ್ರೂ ಸಡಿಲಾದ ಮೇಲೆ ಮ್ಯಾಗ್ನೆಟ್ಟನ್ನು ಪಕ್ಕದಿಂದ ತಳ್ಳಿ ತೆಗೆಯಬಹುದು. ಹಳೇ ಮೇಣ ಹಿಡಿದಿದ್ದರೆ ಹೇರ್ ಡ್ರೈಯರ್‌ನ ಬಿಸಿಗಾಳಿ ಸಾಕು, ಮೀಟಿ ಎಬ್ಬಿಸಲು ಹೋಗಬಾರದು. ಮ್ಯಾಗ್ನೆಟ್ಟಿನ ಧ್ರುವಗಳಿರುವುದು ಅದರ ಉದ್ದನೆಯ ಎರಡು ಅಂಚುಗಳಲ್ಲಿ. ತಂತಿಗಳ ಕೆಳಗೆ ಬರುವ ಧ್ರುವದ ಸ್ಕ್ರೂಗಳ ಕಡೆಗಿದ್ದ ಅಂಚಿಗೆ ಪೆನ್ನಿನಿಂದ ಗುರುತು ಹಾಕಿ, ಅದು ಯಾವ ಧ್ರುವವೆಂದು ದಿಕ್ಸೂಚಿಯಲ್ಲಿ ನೋಡಿಕೊಂಡರಾಯಿತು. ಹೊಸದನ್ನು ಹಳೆಯದರ ಹತ್ತಿರ ಹಿಡಿದು, ದೂಡುತ್ತದೋ ಸೆಳೆಯುತ್ತದೋ ಎಂದು ಪರೀಕ್ಷಿಸುವವರಿದ್ದಾರೆ. ಅಲ್ನಿಕೊಗೆ ಅದು ಕೆಟ್ಟದ್ದು. ಸಮಧ್ರುವಗಳನ್ನು ಎದುರುಬದುರು ಒತ್ತಿದರೆ ಅದರ ಶಕ್ತಿ ಇಳಿಯುತ್ತದೆ. ತಿರುಗುಮುರುಗಾಗಿ ಕೂರಿಸಿದರೆ ಆ ಪಿಕಪ್ ಒಂಟಿಯಾಗಿ ಸರಿಯಾಗೇ ನುಡಿಯುತ್ತದೆ, ಇನ್ನೊಂದರ ಜೊತೆ ಸೇರಿಸಿದ ಕೂಡಲೇ ದನಿ ತೆಳುವಾಗಿ ಮೂಗಿನಿಂದ ಬಂದಂತಾಗುತ್ತದೆ.

ಮ್ಯಾಗ್ನೆಟ್ ಬದಲಾದ ಮೇಲೂ ಮೀಟರ್ ತೋರಿಸಿದ್ದು ಅದೇ 8.2. ಕಿಲೋಓಮ್ ನೋಡಿ ಪಿಕಪ್‌ನ ದನಿ ಅಳೆಯುವವರು ಇದನ್ನೊಮ್ಮೆ ಯೋಚಿಸಬೇಕು.

ನಾಲ್ಕು ವೈರ್ ಎಳೆಯುವುದು ನಿಧಾನದ ಕೆಲಸ. ಹೊರಟೇಪ್ ಬಿಚ್ಚಿದರೆ ಎರಡು ಸುರುಳಿಗಳನ್ನು ಕೂಡಿಸುವ ಬೆಸುಗೆ ಸಿಗುತ್ತದೆ; ಅದನ್ನು ಬಿಡಿಸಿ, ನಾಲ್ಕೂ ತುದಿಗಳಿಗೆ ಬೇರೆಬೇರೆ ಬಣ್ಣದ ವೈರ್ ಕೊಟ್ಟು, ಯಾವ ಬಣ್ಣ ಯಾವ ತುದಿಗೆ ಎಂದು ಅಲ್ಲೇ ಬರೆದಿಡಬೇಕು. ಕಂಪನಿಗಳ ಬಣ್ಣದ ಪಟ್ಟಿಯನ್ನು ನಂಬಿ ಕೂರುವಂತಿಲ್ಲ: ಸೆಮೋರ್ ಡಂಕನ್‌ನಲ್ಲಿ ಹಾಟ್ (ಸಂಕೇತ ಹೊರಡುವ ವೈರ್) ಕಪ್ಪು, ಡಿಮಾರ್ಜಿಯೊದಲ್ಲಿ ಕೆಂಪು. ರೋಸಿನ್ ತುಂಬಿದ 60/40 ತವರ-ಸೀಸದ ಸೋಲ್ಡರ್ ಸಾಕು. ಆಮ್ಲದ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಪದಾರ್ಥ) ಮಾತ್ರ ಬೇಡ, ಈ ತೆಳು ವೈರನ್ನು ಅದು ಕ್ರಮೇಣ ತಿಂದುಹಾಕುತ್ತದೆ. ಕೇಬಲ್ಲಿನ ಬರಿಯ ಶೀಲ್ಡ್ (ವೈರ್‌ಗಳ ಸುತ್ತಲಿನ ಲೋಹದ ಕವಚ) ಬೇಸ್‌ಪ್ಲೇಟಿಗೆ.

ಮೇಣಕ್ಕೆ ಇಳಿಸುವ ಮೊದಲೇ ಪರೀಕ್ಷೆ ಮುಗಿಸಬೇಕು, ಆಮೇಲೆ ಬಿಚ್ಚುವುದು ಗಲೀಜಿನ ಕೆಲಸ. ಒಂದೊಂದು ಸುರುಳಿಯ ಓದು 4.1ರ ಆಸುಪಾಸು ಬಂತು. ಬೇಸ್‌ಪ್ಲೇಟಿಗೂ ಸುರುಳಿಗೂ ನಡುವೆ ಸಂಪರ್ಕವಿಲ್ಲ. ಎರಡನ್ನೂ ಸರಣಿಯಲ್ಲಿ ಜೋಡಿಸಿ, ಮೀಟರನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು, ಒಂದೊಂದು ಸುರುಳಿಯ ಧ್ರುವಕ್ಕೂ ಕಬ್ಬಿಣದ ತುಣುಕು ತಾಗಿಸಿದರೆ ಎರಡೂ ಸಲ ಒಂದೇ ಚಿಹ್ನೆ ಬರಬೇಕು. ಒಂದು ಪ್ಲಸ್, ಇನ್ನೊಂದು ಮೈನಸ್ ಎಂದಾದರೆ ಒಂದು ಸುರುಳಿಯ ತುದಿಗಳು ಅದಲುಬದಲಾಗಿವೆ: ತಂತಿಗಳ ದನಿ ಕುಗ್ಗಿ, ಗುಂಯ್ ಶಬ್ದ ಕಳೆದುಹೋಗುವ ಬದಲು ಒಟ್ಟುಗೂಡುತ್ತದೆ.

ಮೇಣ ನಾಲ್ಕು ಪಾಲು ಪ್ಯಾರಾಫಿನ್, ಒಂದು ಪಾಲು ಜೇನುಮೇಣ. ನೇರ ಉರಿಯ ಮೇಲಿಟ್ಟರೆ ಬೆಂಕಿ ಹತ್ತುವ ವಸ್ತುವಾದ್ದರಿಂದ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ, ಜೊತೆಗೊಂದು ಥರ್ಮಾಮೀಟರ್. 65 ಡಿಗ್ರಿ ದಾಟಗೊಡಬಾರದು, ಸುರುಳಿ ಸುತ್ತಿರುವ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ. ಗುಳ್ಳೆಗಳು ನಿಲ್ಲುವವರೆಗೆ, ಸುಮಾರು ಇಪ್ಪತ್ತು ನಿಮಿಷ. ಜೋರು ಆಂಪ್ ಮುಂದೆ ಪಿಕಪ್ ಕಿರುಚುವುದು ಸುತ್ತುಗಳು ಸಡಿಲವಾಗಿ ಕಂಪಿಸುವುದರಿಂದ. ಮೇಣ ಅವನ್ನು ಹಿಡಿದಿಡುತ್ತದೆ.

ಇನ್ನು ಸ್ವಿಚ್. ಎಲ್ಲರೂ ಮಾಡುವ ಕಾಯಿಲ್ ಸ್ಪ್ಲಿಟ್‌ನಲ್ಲಿ ಒಂದು ಸುರುಳಿ ಸುಮ್ಮನಾಗಿ, ಗುಂಯ್ ವಾಪಸು ಬರುತ್ತದೆ. ಅದರ ಬದಲು, ಎಳೆದು ಒತ್ತಿದರೆ ಸ್ವಿಚ್ಚಾಗುವ ಪುಶ್-ಪುಲ್ ಪಾಟ್‌ನ ಎರಡೂ ಸಾಲು ಕಾಲುಗಳನ್ನು ಬಳಸಿ ಸುರುಳಿಗಳನ್ನು ಸಮಾಂತರಕ್ಕೆ ತಂದರೆ ಓದು 2 ಕಿಲೋಓಮ್ ಆಸುಪಾಸಿಗೆ ಇಳಿಯುತ್ತದೆ, ದನಿ ತಿಳಿಯಾಗುತ್ತದೆ, ಗುಂಯ್ ಹತ್ತಿರ ಸುಳಿಯುವುದಿಲ್ಲ. ಇನ್ನೊಂದಿಷ್ಟು ಬೆಸುಗೆ ಹೆಚ್ಚು ಬೀಳುತ್ತದೆ, ಅಷ್ಟೆ.