ದುಂಡುಹುಳುವಿನ ಯೋನಿ ಮತ್ತು ಅರ್ಧದಲ್ಲಿ ನಿಂತ ಪ್ರಶ್ನೆ

“ಸರ್, ಎರಡು ಹುಳುಗಳಲ್ಲೂ ಅಂಗ ಒಂದೇ ಥರ ಉಂಟಲ್ಲ, ಹಾಗಾದರೆ ಬದಲಾದದ್ದು ಯಾವುದು?” ಮಂಗಳೂರಿನ ಕಾಲೇಜೊಂದರಲ್ಲಿ ಈ ವಾರ ನಾನು ಉಪನ್ಯಾಸ ಮುಗಿಸುತ್ತಿದ್ದಂತೆ ಪದವಿ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಹೀಗೆ ಕೇಳಿದಳು. ನಾನು ಉತ್ತರಿಸುವ ಮೊದಲೇ ಮುಂದಿನ ಸಾಲಿನ ಹಿರಿಯ ಅಧ್ಯಾಪಕರೊಬ್ಬರು ಹಿಂದಕ್ಕೆ ತಿರುಗಿ, “ಅದೆಲ್ಲ ಪರೀಕ್ಷೆಗೆ ಬರುವುದಿಲ್ಲಮ್ಮ, ಕೂತುಕೊ” ಎಂದರು. ಅವಳು ಕುಳಿತಳು. ಅವರು ಶ್ರದ್ಧೆಯ ಅಧ್ಯಾಪಕರೆಂದು ನಾನು ಬಲ್ಲೆ, ಆದರೂ ಆ ಮಾತನ್ನು ನನ್ನಿಂದ ಕ್ಷಮಿಸಲಾಗುತ್ತಿಲ್ಲ, ಏಕೆಂದರೆ ನಾನು ಅಷ್ಟು ಹೊತ್ತು ಹೇಳಿದ್ದರ ತಿರುಳೇ ಆ ಪ್ರಶ್ನೆಯಲ್ಲಿತ್ತು.

ನಾನು ಮಾತಾಡಿದ್ದು ಹುಳುವಿನ ಮೊಟ್ಟೆ ಹೊರಬರುವ ಅಂಗವಾದ ಯೋನಿ ರೂಪುಗೊಳ್ಳುವ ಬಗೆಯನ್ನು ಕುರಿತು. ಸುಮಾರು ಒಂದು ಮಿಲಿಮೀಟರ್ ಉದ್ದದ ಸೀನೊರಾಬ್ಡೈಟಿಸ್ ಎಲೆಗನ್ಸ್ ಎಂಬ ದುಂಡುಹುಳುವಿನ ಹೊಟ್ಟೆಯ ಬದಿಯಲ್ಲಿ ಚರ್ಮದ 12 ಕೋಶಗಳು ಸಾಲಾಗಿರುತ್ತವೆ. ಅವುಗಳಲ್ಲಿ ನಡುವಿನ ಆರಕ್ಕೆ ಯೋನಿಯಾಗುವ ಸಾಮರ್ಥ್ಯವಿದ್ದರೂ ಸಾಮಾನ್ಯವಾಗಿ ಮೂರು ಮಾತ್ರ ವಿಭಜನೆಗೊಂಡು 22 ಕೋಶಗಳ ಯೋನಿಯನ್ನು ಕಟ್ಟುತ್ತವೆ. ಯಾವ ಮೂರು ಎಂಬುದು ಮೊಟ್ಟೆ ತಯಾರಾಗುವ ಜನನಗ್ರಂಥಿಯಲ್ಲಿರುವ ಆಂಕರ್ ಕೋಶವೆಂಬ ಒಂದೇ ಕೋಶ ಕಳುಹಿಸುವ ಇಜಿಎಫ್ ಎಂಬ ಪ್ರೋಟೀನ್ ಸಂಕೇತದಿಂದ ಆರಂಭವಾಗಿ ನಿರ್ಧಾರವಾಗುತ್ತದೆ. ಸಂಕೇತ ಹೊರಡುವ ಮೊದಲೇ ಲೇಸರ್‌ನಿಂದ ಆ ಕೋಶವನ್ನು ಸುಟ್ಟರೆ ಯೋನಿಯೇ ಮೂಡುವುದಿಲ್ಲ.

ಇದರ ದೂರದ ಸಂಬಂಧಿ ಪ್ರಿಸ್ಟಿಯಾಂಕಸ್ ಪೆಸಿಫಿಕಸ್‌ನಲ್ಲಿಯೂ ಅದೇ ಮೂರು ಕೋಶಗಳಿಂದ ದೇಹದ ನಡುಭಾಗದಲ್ಲೇ ಯೋನಿ ರೂಪುಗೊಳ್ಳುತ್ತದೆ. ಅಲ್ಲಿ ಮುಖ್ಯ ಪಾತ್ರ ವಹಿಸುವುದು ಮಾತ್ರ ವಿಂಟ್ ಎಂಬ ಬೇರೆಯದೇ ಸಂಕೇತ, ಮತ್ತು ಅದನ್ನು ಕಳುಹಿಸುವಲ್ಲಿ ಜನನಗ್ರಂಥಿಯ ಹಲವು ಕೋಶಗಳು ಪಾಲ್ಗೊಳ್ಳುತ್ತವೆ. 12ರಲ್ಲಿ 7 ಕೋಶಗಳು ಮೊದಲೇ ಸತ್ತುಹೋಗುತ್ತವೆ. ಎಲೆಗನ್ಸ್‌ನಲ್ಲಿ ಯೋನಿಯಾಗದ ಕೋಶಗಳು ಹೀಗೆ ಸಾಯದೆ ಸುತ್ತಲಿನ ಚರ್ಮದೊಡನೆ ಬೆಸೆದುಕೊಳ್ಳುತ್ತವೆ. ನನ್ನನ್ನು ಇನ್ನೂ ಹೆಚ್ಚು ಬೆರಗಾಗಿಸುವುದು ಎರಡರಲ್ಲೂ ಇರುವ ಲಿನ್-39 ಎಂಬ ಹಾಕ್ಸ್ ವಂಶವಾಹಿ, ಅಂದರೆ ದೇಹದ ಯಾವ ಭಾಗ ಏನಾಗಬೇಕೆಂದು ನಿರ್ಧರಿಸುವ ಗುಂಪಿನ ವಂಶವಾಹಿ. ಅದು ಕೆಟ್ಟರೆ ಎಲೆಗನ್ಸ್‌ನಲ್ಲಿ ಯೋನಿಯಾಗಬೇಕಿದ್ದ ಕೋಶಗಳು ಚರ್ಮದೊಡನೆ ಬೆಸೆದುಹೋಗುತ್ತವೆ, ಪ್ರಿಸ್ಟಿಯಾಂಕಸ್‌ನಲ್ಲಿ ಅವೇ ಕೋಶಗಳು ಸಾಯುತ್ತವೆ.

ಅವಳ ಪ್ರಶ್ನೆಗೆ ಉತ್ತರ ಇದೇ: ಅಂಗ ಉಳಿಯಿತು, ಅದನ್ನು ಕಟ್ಟುವ ಕ್ರಮ ಬದಲಾಯಿತು. ನೈಸರ್ಗಿಕ ಆಯ್ಕೆಗೆ ಬೇಕಾದದ್ದು ಮೊಟ್ಟೆ ಸರಿಯಾಗಿ ಹೊರಬರುವುದು. ಆ ಕೆಲಸ ಕೆಡದಿರುವಷ್ಟು ಕಾಲ ಯಾವ ಕೋಶ ಯಾವುದಕ್ಕೆ ಯಾವ ಸಂಕೇತ ಕೊಟ್ಟಿತು ಎಂಬುದು ಲಕ್ಷಾಂತರ ತಲೆಮಾರುಗಳಲ್ಲಿ ಮೆಲ್ಲಮೆಲ್ಲನೆ ಸರಿದುಹೋಗಬಹುದು, ಹೊರಗಿನಿಂದ ನೋಡುವವನಿಗೆ ಏನೂ ನಡೆದಂತೆ ಕಾಣುವುದಿಲ್ಲ. ಟ್ರೂ ಮತ್ತು ಹಾಗ್ ಎಂಬ ವಿಜ್ಞಾನಿಗಳು 2001ರಲ್ಲಿ ಈ ಬಗೆಯ ಸರಿಯುವಿಕೆಯನ್ನು ವಿವರಿಸಿ ಅದಕ್ಕೊಂದು ಹೆಸರು ಕೊಟ್ಟರು. ಅವರನ್ನು ಓದಿರದ ಹುಡುಗಿಯೊಬ್ಬಳು ಎರಡು ಚಿತ್ರಗಳನ್ನು ಅಕ್ಕಪಕ್ಕ ನೋಡಿಯೇ ಅದೇ ಜಾಗಕ್ಕೆ ಬಂದು ನಿಂತಿದ್ದಳು, “ಕೂತುಕೊ” ಎಂಬ ಮಾತು ಅವಳನ್ನು ಅಲ್ಲಿಂದ ಹಿಂದಕ್ಕೆ ಕಳುಹಿಸಿತು. ಯೋನಿ ಎಂದಾಗ ತಲೆ ತಗ್ಗಿಸಿ ಕುಳಿತವರ ನಡುವೆ ಅವಳು ಎಲ್ಲ ಚಿತ್ರಗಳನ್ನೂ ಪುಸ್ತಕದಲ್ಲಿ ಬಿಡಿಸಿಕೊಂಡಿದ್ದಳು ಎಂಬುದನ್ನೂ ಹೇಳಬೇಕು.

ಚಹಾ ಹೊತ್ತಿನಲ್ಲಿ ಅವಳನ್ನು ಕರೆದು ಇಷ್ಟನ್ನೂ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಅಂದರೆ ಒಂದು ಹುಳುವನ್ನು ನೋಡಿ ಇನ್ನೊಂದರ ಬಗ್ಗೆ ಹೇಳಲಿಕ್ಕೆ ಆಗುವುದಿಲ್ಲವಾ ಸರ್?” ಎಂದಳು. ಅವಳು ಮೊದಲ ಪ್ರಶ್ನೆಗಿಂತ ಮುಂದೆ ಹೋಗಿದ್ದಳು. ನಮ್ಮ ಪಠ್ಯಗಳು ಎಲೆಗನ್ಸ್‌ನ ಚಿತ್ರ ಮುದ್ರಿಸಿ ಕೆಳಗೆ ದುಂಡುಹುಳುಗಳ ಬೆಳವಣಿಗೆ ಎಂದು ಬರೆಯುತ್ತವೆ. ಜೀವವಿಜ್ಞಾನಿ ಸಿಡ್ನಿ ಬ್ರೆನ್ನರ್ 1963ರಲ್ಲಿ ಸಂಶೋಧನೆಗೆ ಈ ಹುಳುಗಳತ್ತ ತಿರುಗಿದ್ದು ಅವು ಚಿಕ್ಕವು, ಬೇಗ ಬೆಳೆಯುತ್ತವೆ, ಸಾಕುವುದು ಸುಲಭ ಎಂಬ ಕಾರಣಗಳಿಗೆ. ಎಲ್ಲ ಹುಳುಗಳನ್ನೂ ಇದೊಂದೇ ಪ್ರತಿನಿಧಿಸುತ್ತದೆ ಎಂಬ ಭರವಸೆ ಅದರಲ್ಲಿ ಸೇರಿರಲಿಲ್ಲ. ಪ್ರಯೋಗಶಾಲೆಯ ಅನುಕೂಲ ಪಠ್ಯದೊಳಗೆ ನಿಯಮವಾಗಿ ಕುಳಿತದ್ದು ಆಮೇಲೆ, ಮತ್ತು ತರಗತಿಯಲ್ಲಿ ಪ್ರಶ್ನೆ ನಿಂತಲ್ಲೆಲ್ಲ ಆ ನಿಯಮ ಇನ್ನಷ್ಟು ಗಟ್ಟಿಯಾಗುತ್ತದೆ.

ಅವಳಿಗೆ ಮೆಸೊರಾಬ್ಡೈಟಿಸ್ ಎಂಬ ಮೂರನೆಯ ಹುಳುವಿನ ವಿಷಯವನ್ನು ಹೇಳಿದೆ. ಅದರ ಯೋನಿ ಇರುವುದು ದೇಹದ ಹಿಂಭಾಗದಲ್ಲಿ, ಮತ್ತು ಜನನಗ್ರಂಥಿಯನ್ನೇ ಲೇಸರ್‌ನಿಂದ ಸುಟ್ಟುಹಾಕಿದರೂ ಅಲ್ಲಿ ಯೋನಿ ಮೂಡುತ್ತದೆ. ಎಲೆಗನ್ಸ್ ಒಂದನ್ನೇ ಓದಿದವನು ಆಂಕರ್ ಕೋಶವಿಲ್ಲದೆ ಇದು ಸಾಧ್ಯವೇ ಇಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆಯುತ್ತಾನೆ.